“ಮತ್ತೆ ಶುರುವಾಯ್ತಾ ನಿಂಗೆ?”

ಇದು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯೊಂದರ ಪ್ರಕರಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋಕೆ ಆ ಮನೆಯ ಸೊಸೆಯ ಒಪ್ಪಿಗೆ ಇದೆ.

ವಯಸ್ಸು ಮೂವತ್ತರ ಆಸುಪಾಸು, ಮೂರು ವರ್ಷದ ಮಗಳು. ಗಂಡನಿಗೆ ಶಿವಮೊಗ್ಗದಲ್ಲಿ ಕೆಲಸ, ವಾರಕ್ಕೊಮ್ಮೆ ಊರಿಗೆ ಬರ್ತಾರೆ. ಹೆರಿಗೆಯಾದ ಮೇಲೆ ಆಕೆಗೆ ಖಿನ್ನತೆ ಬಂದಿತ್ತು. ಕೆಲವು ತಿಂಗಳು ಮಾತ್ರೆ ತಗೊಂಡು ಗುಣವಾದರು. ಈಗ ಗಂಡನಿಗೆ ಆಫೀಸಿನ ಒಬ್ಬರ ಜೊತೆ ಸಂಬಂಧ ಇರೋದು ಫೋನಿನ ಮೆಸೇಜುಗಳಿಂದ ಗೊತ್ತಾಗಿದೆ. ಕೇಳಿದಾಗೆಲ್ಲ ಒಂದೇ ಉತ್ತರ: “ಮತ್ತೆ ಶುರುವಾಯ್ತಾ ನಿಂಗೆ?”

ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದಾಗ ಆಕೆ ಮೊದಲು ಕೇಳಿದ್ದು ಗಂಡನ ವಿಷಯ ಅಲ್ಲ. “ಮೇಡಂ, ನಂಗೂ ಶರಪಂಜರದ ಕಾವೇರಿ ಥರಾನೇ ಆಗ್ತದಾ?”

ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ಸಿನಿಮಾ. 1971ರದ್ದಾದರೂ ಟಿವಿಯಲ್ಲಿ ನೋಡದವರು ಕಮ್ಮಿ. ಕಲ್ಪನಾ ಮಾಡಿದ ಕಾವೇರಿ ಗುಣವಾಗಿ ಮನೆಗೆ ಬಂದರೂ ಹುಚ್ಚಿ ಅನ್ನೋ ಹೆಸರು ಹೋಗೋದಿಲ್ಲ. ಗಂಡನಿಗೆ ಬೇರೆಯವಳ ಸಹವಾಸ. ಕೊನೆಗೆ ಆಕೆ ಮತ್ತೆ ಆಸ್ಪತ್ರೆಗೇ ಹೋಗ್ತಾಳೆ.

ಇವರ ಮನೆಯಲ್ಲೂ ಆ ನೋಟ ಇದೆ. ಸುಗ್ಗಿಯಲ್ಲಿ ರಾತ್ರಿ ಎಲ್ಲರೂ ಅಡಿಕೆ ಸುಲಿಯೋಕೆ ಕೂತಿದ್ದಾರೆ. ಈಕೆ ಮೆಟ್ಟುಗತ್ತಿ ಎಳ್ಕೊಂಡು ಕೂತರೆ ಅತ್ತೆ ಮೆಲ್ಲಗೆ ಅದನ್ನ ಆಚೆ ಸರಿಸಿ, “ನೀ ಮಗು ಮಲಗ್ಸು ಹೋಗೇ” ಅಂದರಂತೆ. ಕೆಲಸಕ್ಕೆ ಬಂದ ಹೆಂಗಸರೆಲ್ಲ ತಲೆ ತಗ್ಗಿಸಿದರು. “ಬೈದಿದ್ರೆ ತಡ್ಕೊಳ್ತಿದ್ದೆ ಮೇಡಂ” ಅಂತ ಆಕೆ ಅತ್ತರು.

ನಾನು ಹೇಳಿದ್ದು ಇಷ್ಟು. ನಿಮ್ಮ ಕಾಯಿಲೆ ಒಂದು, ಅವರ ಸಂಬಂಧ ಇನ್ನೊಂದು. ಕಾಯಿಲೆಯ ಮಾತೆತ್ತಿ ಸಂಬಂಧಾನ ಮುಚ್ಚೋಕೆ ಬಿಡಬೇಡಿ. ಬಾಣಂತನದ ಖಿನ್ನತೆ ಎಷ್ಟೋ ಹೆಂಗಸರಿಗೆ ಬರುತ್ತೆ, ಚಿಕಿತ್ಸೆಯಿಂದ ಗುಣವೂ ಆಗುತ್ತೆ. ಆದರೂ ಈಗ ನಿದ್ದೆ ಕೆಟ್ಟಿದೆ, ಊಟ ಸೇರ್ತಿಲ್ಲ. ಹಾಗಾಗಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ಒಮ್ಮೆ ತೋರಿಸಿ. ಮಾತ್ರೆ ಬೇಕಾ ಬೇಡ್ವಾ ಅಂತ ಡಾಕ್ಟರ್ ಹೇಳಲಿ, ಗಂಡ ಅಲ್ಲ. ರಾತ್ರಿ ತೀರಾ ಕಷ್ಟ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ.

ಆಕೆಯ ದೊಡ್ಡ ಭಯ ಬೇರೆ ಇತ್ತು. ಹುಚ್ಚಿ ಅಂತ ಹೇಳಿ ಡೈವೋರ್ಸ್ ಕೊಟ್ಟು ಮಗೂನ ಕಿತ್ಕೊಂಡರೆ? ಹಿಂದೆ ಖಿನ್ನತೆಗೆ ಮಾತ್ರೆ ತಗೊಂಡಿದ್ದರು ಅನ್ನೋ ಒಂದೇ ಕಾರಣಕ್ಕೆ ಡೈವೋರ್ಸ್ ಸಿಗೋದಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರವೇ ಇರಬೇಕು ಅಂತ ಕಾನೂನೇ ಹೇಳುತ್ತೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇರೋದರಿಂದ ಸುಮ್ನೆ ಮನೆಯಿಂದ ಹೊರಗೆ ಹಾಕೋಕೂ ಆಗಲ್ಲ. ಅಣ್ಣ ಪೊಲೀಸ್ ಕೇಸ್ ಹಾಕೋಣ ಅಂತಿದ್ದರು. ವ್ಯಭಿಚಾರ ಈಗ ಅಪರಾಧ ಅಲ್ಲ, 2018ರಲ್ಲೇ ಸುಪ್ರೀಂ ಕೋರ್ಟ್ ಆ ಕಲಂ ತೆಗೆದುಹಾಕಿದೆ. ಡೈವೋರ್ಸ್ ಕೇಳೋಕೆ ಮಾತ್ರ ಅದು ಈಗಲೂ ಕಾರಣ ಆಗುತ್ತೆ. ಕೇಳಬೇಕಾ ಅನ್ನೋದನ್ನ ನಿದ್ದೆ ಸರಿಯಾದ ಮೇಲೆ ಯೋಚಿಸಿ ಅಂದೆ.

ಗಂಡನನ್ನ ಬೇರೆಯಾಗಿ ಕರೆಸಿದೆ. “ನಾನೇನು ಕುಡಿಯಲ್ಲ, ಹೊಡೆಯಲ್ಲ” ಅಂತಲೇ ಶುರು ಮಾಡಿದರು. (ಇದನ್ನ ಸರ್ಟಿಫಿಕೇಟ್ ಥರ ತೋರಿಸೋ ಗಂಡಸರು ನಮ್ಮಲ್ಲಿ ಜಾಸ್ತಿ.) ಮುಂದಿನ ಸಲ ಬಂದಾಗ ಸಂಬಂಧ ಇರೋದನ್ನ ಒಪ್ಪಿಕೊಂಡರು. “ಬಿಟ್ಟುಬಿಟ್ಟರೆ ಎಲ್ಲ ಮೊದಲಿನ ಹಾಗೆ ಆಗ್ತದಲ್ವಾ?” ಅಂತ ಕೇಳಿದರು. ಆ ಖಾತ್ರಿ ನಾನು ಕೊಡೋಕಾಗಲ್ಲ ಅಂದೆ. ಮೊದಲು ಅಮ್ಮನ ಎದುರಿಗೇ, “ಅವಳು ಹೇಳಿದ್ದು ನಿಜ, ಸುಳ್ಳು ಹೇಳಿದ್ದು ನಾನು” ಅಂತ ಹೇಳಿ, ಆಮೇಲೆ ಇಬ್ಬರೂ ಒಟ್ಟಿಗೆ ಬನ್ನಿ ಅಂತ ಕಳಿಸಿದ್ದೇನೆ.