ನಾಕೌಟ್ ಕಪ್‌ನಲ್ಲಿ ಕೆಲವು ತಂಡಗಳು ಆಡದೆಯೇ ಎರಡನೇ ಸುತ್ತಿಗೆ ಹೋಗುವುದು ಯಾಕೆ?

ಮಂಗಳೂರಿನ ನೆಹರೂ ಮೈದಾನದ ಫುಟ್‌ಬಾಲ್ ಕಪ್‌ಗೆ 11 ಕ್ಲಬ್ ಬಂದಿವೆ, 5 ತಂಡಗಳಿಗೆ ಮೊದಲ ಸುತ್ತೇ ಇಲ್ಲ, ಇದು ಮೋಸ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಅದಕ್ಕೆ ‘ಬೈ’ ಅಂತಾರೆ. ನಾಕೌಟ್ ಅಂದರೆ ಸೋತ ತಂಡ ಹೊರಗೆ. ಎರಡನೇ ಸುತ್ತಿಗೆ 8 ತಂಡ ಬೇಕು, ಆಗ ಮುಂದೆ 4, ಆಮೇಲೆ 2 ಉಳಿಯುತ್ತವೆ; ಇಲ್ಲದಿದ್ದರೆ ಮುಂದೆ ಜೋಡಿ ಕೂಡುವುದಿಲ್ಲ. ಹಾಗಾಗಿ 6 ತಂಡ ಆಡಿ 3 ಗೆಲ್ಲುತ್ತವೆ, ಬೈ ಸಿಕ್ಕ 5 ಸೇರಿ 8. ಇಡೀ ಕಪ್‌ಗೆ ಒಟ್ಟು 10 ಪಂದ್ಯ (3+4+2+1).

ಬೈ ಯಾರಿಗೆ ಸಿಗುತ್ತದೆ ಅನ್ನೋದೇ ಮುಖ್ಯ. ಎಲ್ಲರೆದುರು ಚೀಟಿ ಎತ್ತಬೇಕು, ಇಲ್ಲವೇ ಕಳೆದ ಸಲದ ಸ್ಥಾನ ನೋಡಿ ಕೊಡಬೇಕು. ಕೆಲಸ ಮುಗಿಸಿ ಬಂದು ಬೂಟು ಕಟ್ಟುವ ಹುಡುಗರಿಗೆ, ಅದರಲ್ಲೂ ಮಳೆಗಾಲದ ಕೆಸರಿನಲ್ಲಿ, ಒಂದು ಪಂದ್ಯ ಕಡಿಮೆಯಾದರೆ ಜಾಸ್ತಿ ಲಾಭ. ಸಮವಾದರೆ ಎಕ್ಸ್‌ಟ್ರಾ ಟೈಮ್ ಉಂಟಾ, ನೇರ ಪೆನಾಲ್ಟಿಯಾ ಅನ್ನೋದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.