ಟೋಕನ್ ನಂಬರ್ ಕ್ಲೌಡಿಗೆ ಹೋದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ. ಫ್ಯಾಕ್ಟರಿಯವರು ಹಳೇ ಹಾಜರಿ, ಸಂಬಳದ ಲೆಕ್ಕ ಬಿಟ್ಟು ಇಂಟರ್ನೆಟ್ ಮೂಲಕ ನಡೆಯುವ ಕ್ಲೌಡ್ ಎಚ್‌ಆರ್ ಸಾಫ್ಟ್‌ವೇರಿಗೆ ಹೋಗುತ್ತಿದ್ದಾರೆ, ಎಲ್ಲರಿಗೂ ತಲೆಬಿಸಿ. ಹಾಗಾಗಿ ಬೇರೆ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ನಮ್ಮದು ಗಾರ್ಮೆಂಟ್ಸ್ ಕಂಪನಿ. ದೊಡ್ಡಬಳ್ಳಾಪುರ, ಮದ್ದೂರು, ಹಾಸನದಲ್ಲಿ ಒಂದೊಂದು ಯೂನಿಟ್, ಒಟ್ಟು 4,200 ಜನ. ಹೊಸ ಸಾಫ್ಟ್‌ವೇರ್ ಹಾಕಿಕೊಡುವ ಕನ್ಸಲ್ಟೆಂಟ್ ಬಂದು ನೌಕರರ ವಿವರ ತುಂಬಿಸುವ ಒಂದು ಎಕ್ಸೆಲ್ ಶೀಟ್ ಕೊಟ್ಟು "ಇದನ್ನ ತುಂಬಿಸಿಕೊಡಿ, ನಾಲ್ಕು ತಿಂಗಳಲ್ಲಿ ಗೋ-ಲೈವ್" ಅಂತಾರೆ, ಅಂದರೆ ಹೊಸದು ಶುರುವಂತೆ. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗ್ತಿಲ್ಲ ಸಾರ್.
– ಎಚ್‌ಆರ್ ಆಫೀಸರ್, ದೊಡ್ಡಬಳ್ಳಾಪುರ

ಉತ್ತರ: ಶೀಟ್ ಪಕ್ಕಕ್ಕಿಡಿ. ಮೊದಲು ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿಗೆ ಹೋಗಿ ಕೂತ್ಕೊಳ್ಳಿ.

ಅಲ್ಲಿ ಹದಿನೈದು ಇಪ್ಪತ್ತು ವರ್ಷದಿಂದ ಇರುವವರು ಒಬ್ಬರಾದರೂ ಸಿಗುತ್ತಾರೆ. ಅವರ ಡ್ರಾಯರಿನಲ್ಲಿ ಒಂದು ಲಾಂಗ್ ನೋಟ್‌ಬುಕ್ ಇರುತ್ತದೆ. ನಿಮ್ಮ ಕಂಪನಿಯ ನಿಜವಾದ ನಿಯಮಗಳು ಇರುವುದು ಅದರಲ್ಲಿ, ಗೋಡೆಗೆ ಅಂಟಿಸಿದ ಪಾಲಿಸಿಯಲ್ಲಿ ಅಲ್ಲ. ನಾನು ಕೆಲಸ ಮಾಡಿಕೊಟ್ಟ ಒಂದು ಫ್ಯಾಕ್ಟರಿಯಲ್ಲಿ ಪಾಲಿಸಿ ಪ್ರಕಾರ ರಜೆ ನಾಲ್ಕು ಥರ. ನೋಟ್‌ಬುಕ್ ತೆಗೆದರೆ ಹನ್ನೊಂದು! "ಮೂರು ಸಲ ಲೇಟಾದರೆ ಅರ್ಧ ದಿನ ಕಟ್, ಕಂಪನಿ ಬಸ್ ಕೆಟ್ಟಿದ್ದರೆ ಬೇಡ." "ಕಟಿಂಗ್ ಸೆಕ್ಷನ್ನಿಗೆ ಮಾತ್ರ ಅಟೆಂಡೆನ್ಸ್ ಬೋನಸ್ ಬೇರೆ, ದೊಡ್ಡ ಸಾಹೇಬರು ಹೇಳಿದ್ದು." ದೊಡ್ಡ ಸಾಹೇಬರು ರಿಟೈರ್ ಆಗಿ ಆರು ವರ್ಷವಾಗಿತ್ತು, ಬೋನಸ್ ಮಾತ್ರ ಹೋಗ್ತಾನೇ ಇತ್ತು.

ಇದು ಯಾಕೆ ಮುಖ್ಯ ಅಂದರೆ, ಹಳೇ ಸಾಫ್ಟ್‌ವೇರಿಗೆ ಒಬ್ಬ ಲೋಕಲ್ ಹುಡುಗ ಇದ್ದ ಅಲ್ವಾ, ಫೋನ್ ಮಾಡಿದರೆ ಸಂಜೆ ಬಂದು ಪ್ರೋಗ್ರಾಮನ್ನೇ ತಿದ್ದಿ ಹೋಗುತ್ತಿದ್ದ. ಕ್ಲೌಡಿನಲ್ಲಿ ಆ ಆಟ ನಡೆಯಲ್ಲ. ಎಲ್ಲ ಗಿರಾಕಿಗಳಿಗೂ ಪ್ರೋಗ್ರಾಮ್ ಒಂದೇ, ದೊಡ್ಡ ಕಂಪನಿಗಳ ಸಾಫ್ಟ್‌ವೇರಿಗೆ ವರ್ಷಕ್ಕೆ ಎರಡು ಸಲವೋ ಮೂರು ತಿಂಗಳಿಗೊಮ್ಮೆಯೋ ಹೊಸ ಆವೃತ್ತಿ ತಾನಾಗೇ ಬಂದು ಕೂರುತ್ತದೆ. ನಿಮ್ಮ ಕೈಯಲ್ಲಿರುವುದು ಸೆಟ್ಟಿಂಗ್ ಮಾತ್ರ. ಹನ್ನೊಂದು ಥರದ ರಜೆಯಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದನ್ನು ಜನರಲ್ ಮ್ಯಾನೇಜರ್ ಕೂತು ತೀರ್ಮಾನ ಮಾಡಲಿ, ಸಹಿ ಹಾಕಲಿ. ನೀವು ಮಾಡಬೇಡಿ, ಕನ್ಸಲ್ಟೆಂಟ್ ಅಂತೂ ಮಾಡಲೇಬಾರದು.

ಆಮೇಲೆ ಹಬ್ಬದ ರಜೆ. ನಮ್ಮ ರಾಜ್ಯದ 1963ರ ಕಾಯ್ದೆ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ಎಲ್ಲರಿಗೂ ಇದ್ದದ್ದೇ. ಇನ್ನೈದು ಹಬ್ಬದ ರಜೆ ಯೂನಿಟ್‌ನಿಂದ ಯೂನಿಟ್‌ಗೆ ಬೇರೆಯಾಗಬಹುದು. ನಿಮ್ಮ ಕಡೆಯವರು ಘಾಟಿ ಜಾತ್ರೆಗೆ ಕೇಳಬಹುದು, ಮದ್ದೂರಿನವರು ಅವರೂರ ಹಬ್ಬಕ್ಕೆ. ಹಾಗಾಗಿ ರಜೆ ಪಟ್ಟಿಯನ್ನು ಕಂಪನಿಗೆ ಕಟ್ಟಬೇಡಿ, ಜಾಗಕ್ಕೆ ಕಟ್ಟಿ. ಇದನ್ನು ಮೊದಲ ವಾರದಲ್ಲಿ ಹೇಳಿದರೆ ಅರ್ಧ ಗಂಟೆ ಕೆಲಸ, ಗೋ-ಲೈವ್ ಆದಮೇಲೆ ಹೇಳಿದರೆ ಎಲ್ಲರ ಹಾಜರಿಯನ್ನೂ ಮತ್ತೆ ಲೆಕ್ಕ ಹಾಕಿಸಬೇಕು.

ಇನ್ನು ಆ ಶೀಟ್. ತುಂಬಿಸುವಾಗ ಬ್ಯಾಂಕ್ ಅಕೌಂಟ್ ನಂಬರ್ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಎಕ್ಸೆಲ್ 15 ಅಂಕಿಗಿಂತ ಜಾಸ್ತಿ ನೆನಪಿಟ್ಟುಕೊಳ್ಳುವುದಿಲ್ಲ, 16 ಅಂಕಿಯ ಅಕೌಂಟ್ ನಂಬರ್ ಹೊಡೆದರೆ ಕೊನೆಯದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ನಂಬರಿನ ಶುರುವಿನಲ್ಲಿರುವ ಸೊನ್ನೆಗಳನ್ನಂತೂ ನುಂಗಿಯೇ ಬಿಡುತ್ತದೆ. ಹೆಸರುಗಳನ್ನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರೆ ಹಾಗೇ ಅಪ್‌ಲೋಡ್ ಮಾಡಬೇಡಿ, ಪರದೆ ಮೇಲೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ. ಮೊದಲು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಾಯಿಸಿ, ಆಮೇಲೆ ಒಂದೊಂದೇ ಕಣ್ಣಲ್ಲಿ ನೋಡಿ. ಒತ್ತಕ್ಷರ ಕೈಕೊಡುವುದು ಅಲ್ಲೇ.

ಕೊನೆಗೊಂದು. ಈ ಸಾಫ್ಟ್‌ವೇರುಗಳಲ್ಲಿ ಪ್ರತಿ ದಾಖಲೆಗೂ ಎರಡು ತಾರೀಖು: ಯಾವತ್ತಿನಿಂದ, ಯಾವತ್ತಿನವರೆಗೆ. ಈಗ ಚಾಲ್ತಿಯಲ್ಲಿರುವ ದಾಖಲೆಯ ಕೊನೆ ತಾರೀಖು ಎಷ್ಟೋ ಕಡೆ 31-12-9999 ಅಂತ ಇರುತ್ತದೆ, ಗಾಬರಿಯಾಗಬೇಡಿ. ಗಾಬರಿಯಾಗಬೇಕಾದ್ದು ಬೇರೆ. ಜುಲೈನಲ್ಲಿ ಸಂಬಳ ಏರಿದರೆ ಜುಲೈ 1ರಿಂದ ಹೊಸ ದಾಖಲೆ ಸೇರಿಸಬೇಕು. ಏಪ್ರಿಲ್‌ನಲ್ಲಿ ಶುರುವಾದ ಹಳೇ ದಾಖಲೆಯನ್ನೇ ತಿದ್ದಿದರೆ ಏಪ್ರಿಲ್‌ನಿಂದಲೂ ಜಾಸ್ತಿ ಸಂಬಳ ಇತ್ತು ಅಂತ ಅದು ನಂಬಿಕೊಂಡು ಮೂರು ತಿಂಗಳ ಅರಿಯರ್ಸ್ (ಬಾಕಿ ಸಂಬಳ) ಹಾಕಿಬಿಡುತ್ತದೆ. 'ತಿದ್ದು' ಮತ್ತು 'ಹೊಸದು ಸೇರಿಸು', ಎರಡೂ ಬಟನ್ ಅಕ್ಕಪಕ್ಕದಲ್ಲೇ ಇರುತ್ತವೆ. ನಿಮ್ಮ ಹುಡುಗರಿಗೆ ಟ್ರೈನಿಂಗ್ ಕೊಡಿಸುವಾಗ ಈ ಒಂದನ್ನು ಹತ್ತು ಸಲ ಮಾಡಿಸಿ.

ನಾಲ್ಕು ತಿಂಗಳು ಸಾಕಾ ಅಂತ ನೀವು ಕೇಳಿಲ್ಲ. ಸಾಕಾಗಲ್ಲ.

ಪ್ರಶ್ನೆ: ಎರಡು ತಿಂಗಳಿಂದ ಹಳೇದರಲ್ಲೂ ಹೊಸದರಲ್ಲೂ ಒಟ್ಟಿಗೆ ಸಂಬಳ ಮಾಡಿ ಹೋಲಿಸುತ್ತಿದ್ದೇವೆ. ಸಾವಿರಾರು ಜನರಿಗೆ ಇಎಸ್‌ಐ (ಕಾರ್ಮಿಕರ ವಿಮೆ) ಕಡಿತದಲ್ಲಿ ಒಂದು ರೂಪಾಯಿ ವ್ಯತ್ಯಾಸ. "ಒಂದು ರೂಪಾಯಿ ಬಿಡಿ ಮೇಡಂ" ಅಂತಾರೆ ಕನ್ಸಲ್ಟೆಂಟ್. ಬಿಡಬಹುದಾ?
– ಪೇರೋಲ್ ವಿಭಾಗ, ಹಾಸನ

ಉತ್ತರ: ಬಿಡಬೇಡಿ ಮೇಡಂ. ಇಎಸ್‌ಐ ನಿಯಮ ಏನಂದರೆ ಪೈಸೆ ಎಷ್ಟೇ ಇರಲಿ, ಮುಂದಿನ ರೂಪಾಯಿಗೆ ಏರಿಸಬೇಕು. ಕೂಲಿ 14,150 ರೂಪಾಯಿ ಅಂದುಕೊಳ್ಳಿ, ನೌಕರರ ಪಾಲು ಶೇಕಡಾ 0.75, ಅಂದರೆ 106 ರೂಪಾಯಿ 12 ಪೈಸೆ ಚಿಲ್ಲರೆ. ಕಟ್ ಆಗಬೇಕಾದ್ದು 107. ಹತ್ತಿರದ ರೂಪಾಯಿಗೆ ಅಂತ ಸೆಟ್ಟಿಂಗ್ ಇಟ್ಟರೆ 106 ಬರುತ್ತದೆ. ಪಿಎಫ್‌ಗೆ ಹತ್ತಿರದ ರೂಪಾಯಿ ಸರಿ, ಅದನ್ನೇ ಇಲ್ಲಿಗೂ ಎಳೆದುಕೊಂಡಿರುತ್ತಾರೆ. ಐದು ನಿಮಿಷದ ಕೆಲಸ, ಮಾಡಿಸಿ.

ಹಾಗೇ ಇನ್ನೊಂದು ಪರೀಕ್ಷೆ ಮಾಡಿ. ಇಎಸ್‌ಐಗೆ ಸಂಬಳದ ಮಿತಿ 21,000 ರೂಪಾಯಿ ಅಲ್ವಾ, 20,800 ಇದ್ದ ಒಬ್ಬರಿಗೆ ಜುಲೈನಲ್ಲಿ 21,600 ಆಯಿತು ಅಂತ ಸುಮ್ನೆ ಟೆಸ್ಟ್‌ನಲ್ಲಿ ಹಾಕಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಅವಧಿ ನಡುವೆ ಮಿತಿ ದಾಟಿದರೂ ಸೆಪ್ಟೆಂಬರ್ ಮುಗಿಯುವವರೆಗೆ ಕಟ್ ಆಗುತ್ತಿರಬೇಕು, ಅದೂ ಪೂರ್ತಿ 21,600ರ ಮೇಲೆ. ಜುಲೈನಲ್ಲೇ ನಿಂತುಹೋದರೆ ಸೆಟ್ಟಿಂಗ್ ತಪ್ಪು. ವೃತ್ತಿ ತೆರಿಗೆಯನ್ನೂ ನೋಡಿ: 25,000 ಮತ್ತು ಮೇಲ್ಪಟ್ಟವರಿಗೆ ತಿಂಗಳಿಗೆ 200, ಆದರೆ 2025ರ ತಿದ್ದುಪಡಿ ಆದಮೇಲೆ ಫೆಬ್ರವರಿಯಲ್ಲಿ 300. ಜೂನ್ ತಿಂಗಳ ಸಂಬಳ ಮಾತ್ರ ಹೋಲಿಸಿ "ಎಲ್ಲಾ ಸರಿ ಇದೆ" ಅಂದವರಿಗೆ ಫೆಬ್ರವರಿಯಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಮಷಿನ್ ಶಾಪಿನಲ್ಲಿ ನೈಟ್ ಶಿಫ್ಟ್. ರಾತ್ರಿ 9.52ಕ್ಕೆ ಪಂಚ್ ಮಾಡಿ ಬೆಳಿಗ್ಗೆ 6.04ಕ್ಕೆ ಹೊರಗೆ ಬಂದಿದ್ದೇನೆ. ಹೊಸ ಆ್ಯಪ್‌ನಲ್ಲಿ ಮೊದಲ ದಿನ 'ಔಟ್ ಇಲ್ಲ', ಮರುದಿನ 'ಇನ್ ಇಲ್ಲ', ಎರಡೂ ದಿನ ಆಬ್ಸೆಂಟ್ ತೋರಿಸ್ತಿದೆ. ಸಂಬಳ ಹೋಗುತ್ತಾ?
– ಆಪರೇಟರ್, ಪೀಣ್ಯ

ಉತ್ತರ: ಸಾಫ್ಟ್‌ವೇರಿಗೆ ರಾತ್ರಿ ಹನ್ನೆರಡಕ್ಕೆ ದಿನ ಮುಗಿಯಿತು ಅಂತ ಹೇಳಿಕೊಟ್ಟಿದ್ದಾರೆ ಅಷ್ಟೇ. ನಿಮ್ಮ ಶಿಫ್ಟಿಗೆ ದಿನ ಮುಗಿಯುವುದು ಬೆಳಿಗ್ಗೆ. ಶಿಫ್ಟ್ ಯಾವ ತಾರೀಖಿಗೆ ಶುರುವಾಯಿತೋ ಎರಡೂ ಪಂಚ್ ಅದೇ ತಾರೀಖಿಗೆ ಸೇರಬೇಕು ಅಂತ ಒಂದು ಸೆಟ್ಟಿಂಗ್ ಇರುತ್ತದೆ, ರಾತ್ರಿ 8ರಿಂದ ಬೆಳಿಗ್ಗೆ 10ರವರೆಗೆ ಬಂದ ಪಂಚ್ ಎಲ್ಲ ಶಿಫ್ಟ್ ಶುರುವಾದ ದಿನದ್ದು ಅಂತ ಇಡಬಹುದು. ಓಟಿ ಮಾಡಿ 8ಕ್ಕೆ ಹೊರಗೆ ಬಂದರೂ ಆಗ ಲೆಕ್ಕ ಸರಿ ಹೋಗುತ್ತದೆ. ಓಟಿಗೆ ಎರಡರಷ್ಟು ಕೂಲಿ ಅನ್ನುವುದು ಮರೆಯಬೇಡಿ.

ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದು, ಸಂಬಳದ ಲೆಕ್ಕ ಮುಚ್ಚುವ ಮುಂಚೆ ಟೈಮ್ ಆಫೀಸಿಗೆ ಕೊಡಿ. ನಿಮ್ಮ ಶಿಫ್ಟಿನವರೆಲ್ಲ ಒಟ್ಟಿಗೆ ಹೋಗಿ, ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರದ್ದೇ ಕೈಯಲ್ಲಿ ತಿದ್ದಿ ಕಳಿಸುತ್ತಾರೆ, ಸೆಟ್ಟಿಂಗ್ ಹಾಗೇ ಉಳಿಯುತ್ತದೆ.

ಪ್ರಶ್ನೆ: ಆಧಾರ್‌ನಲ್ಲಿ ನನ್ನ ಹೆಸರು ಲಕ್ಷ್ಮಮ್ಮ ಅಷ್ಟೇ. ಕಂಪ್ಯೂಟರ್ ಸರ್‌ನೇಮ್ ಇಲ್ಲದೆ ಮುಂದೆ ಹೋಗಲ್ಲ ಅಂತ ಗಂಡನ ಹೆಸರು ಸೇರಿಸಿದ್ದಾರೆ. ಓಟಿಪಿ ಕೂಡ ಅವರ ಫೋನಿಗೇ ಹೋಗುತ್ತೆ. ಪಿಎಫ್‌ಗೆ ತೊಂದರೆ ಆಗುತ್ತಾ?
– ಟೈಲರ್, ಮದ್ದೂರು

ಉತ್ತರ: ಆಗಬಹುದಮ್ಮ. ಪಿಎಫ್ ನಂಬರಿಗೂ ಆಧಾರ್‌ಗೂ ಹೆಸರು ಕೂಡಬೇಕು. 2021ರ ಸೆಪ್ಟೆಂಬರ್‌ನಿಂದ ಆಧಾರ್ ಜೋಡಣೆ ಆಗದ ಯುಎಎನ್‌ಗೆ, ಅಂದರೆ ಆ ಪಿಎಫ್ ನಂಬರಿಗೆ, ಕಂಪನಿ ದುಡ್ಡು ಕಟ್ಟಲೂ ಆಗುವುದಿಲ್ಲ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಹಾಕಿ ಅಂತ ಎಚ್‌ಆರ್‌ನವರಿಗೆ ಹೇಳಿ.

ಎಚ್‌ಆರ್‌ನವರಿಗೆ ನನ್ನದೊಂದು ಮಾತು. ನಮ್ಮಲ್ಲಿ ಹೆಸರಿನ ಮುಂದೆ ಊರು, ಅಪ್ಪ, ಎಲ್ಲಾ ಇನಿಷಿಯಲ್ ಆಗಿ ಬರುತ್ತವೆ, ಸರ್‌ನೇಮ್ ಅನ್ನುವುದು ಎಷ್ಟೋ ಜನರಿಗೆ ಇಲ್ಲವೇ ಇಲ್ಲ. ಆ ಜಾಗ ಕಡ್ಡಾಯ ಅನ್ನುವ ಸೆಟ್ಟಿಂಗನ್ನು ತೆಗೆಯಲು ಸಾಧ್ಯವಿದ್ದರೆ ತೆಗೆಸಿ. ಆಗದಿದ್ದರೆ 'ಆಧಾರ್‌ನಲ್ಲಿರುವ ಹೆಸರು' ಅಂತ ಬೇರೆ ಒಂದು ಜಾಗ ಮಾಡಿ, ಪಿಎಫ್ ಫೈಲಿಗೆ ಅಲ್ಲಿಂದಲೇ ಹೆಸರು ಹೋಗಲಿ. ಒಬ್ಬರು ಚುಕ್ಕಿ, ಇನ್ನೊಬ್ಬರು ಗಂಡನ ಹೆಸರು, ಮತ್ತೊಬ್ಬರು ಊರ ಹೆಸರು ಹಾಕುತ್ತಾ ಹೋದರೆ ಆಮೇಲೆ ಹುಡುಕಿ ತೆಗೆಯುವವರು ಯಾರು? ಲಾಗಿನ್ನಿಗೆ ಇಮೇಲ್, ಫೋನ್ ಬೇಡ, ಟೋಕನ್ ನಂಬರ್ (ಫ್ಯಾಕ್ಟರಿ ಕೊಟ್ಟ ಕಾರ್ಮಿಕರ ನಂಬರ್) ಮತ್ತು ಪಿನ್ ಸಾಕು. ಗೇಟ್ ಹತ್ತಿರ ಒಂದು ಕಿಯೋಸ್ಕ್ ಇಟ್ಟು ಕನ್ನಡದಲ್ಲಿ ಪೇ ಸ್ಲಿಪ್ ತೋರಿಸಿ. ಹೆಂಗಸರ ಪೇ ಸ್ಲಿಪ್ ಗಂಡನ ಫೋನಿಗೆ ಹೋಗುವುದು ಎಲ್ಲರಿಗೂ ಬೇಕಾದ ಸೌಲಭ್ಯ ಅಲ್ಲ.

ಪ್ರಶ್ನೆ: ಮುಟ್ಟಿನ ರಜೆ ಹಾಕಿದರೆ ಇಡೀ ಟೀಮಿನ ಕ್ಯಾಲೆಂಡರಿನಲ್ಲಿ ಹೆಸರು ಸಮೇತ ಕಾಣುತ್ತಿದೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಕಾಣಬಾರದು. ರಾಜ್ಯ ಸರ್ಕಾರ 2025ರಲ್ಲಿ ತಿಂಗಳಿಗೊಂದು ರಜೆಯ ಆದೇಶ ಹೊರಡಿಸಿದ ಮೇಲೆ ತರಾತುರಿಯಲ್ಲಿ ಹೊಸ ರಜೆ ಸೇರಿಸಿ, ಯಾರಿಗೆ ಏನು ಕಾಣಬೇಕು ಅನ್ನುವುದನ್ನು ಹಾಗೇ ಬಿಟ್ಟಿರುತ್ತಾರೆ. ಸಹೋದ್ಯೋಗಿಗಳಿಗೆ 'ರಜೆ' ಅಂತ ಕಂಡರೆ ಸಾಕು, ಯಾವ ರಜೆ ಅನ್ನುವುದು ಲೆಕ್ಕ ಇಡುವವರಿಗೆ ಮಾತ್ರ. ಎಚ್‌ಆರ್‌ಗೆ ಲಿಖಿತವಾಗಿ ಕೇಳಿ.

ಪ್ರಶ್ನೆ: ವಯಸ್ಸು 54. ಟೈಮ್ ಆಫೀಸ್ ಕ್ಲರ್ಕ್. ಇದೆಲ್ಲ ಬಂದಮೇಲೆ ನನ್ನ ಕೆಲಸ ಹೋಗುತ್ತಾ?
– ಓದುಗರು, ತುಮಕೂರು

ಉತ್ತರ: ಮಸ್ಟರ್ ರೋಲ್ (ಹಾಜರಿ ಪುಸ್ತಕ) ಬರೆಯುವ ಕೆಲಸ ಹೋಗುತ್ತದೆ, ಸುಳ್ಳು ಹೇಳಲ್ಲ. ಆದರೆ ನಿಮ್ಮ ಮ್ಯಾನೇಜರಿಗೆ ಕೆನಡಾದ ಕತೆ ಹೇಳಿ. 2016ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಸುಮಾರು 3 ಲಕ್ಷ ನೌಕರರಿಗೆ ಫೀನಿಕ್ಸ್ ಅಂತ ಹೊಸ ಸಂಬಳದ ವ್ಯವಸ್ಥೆ ತಂದಿತು. ಅದು ಸರಿಯಾಗಿ ನಿಲ್ಲುವ ಮುಂಚೆಯೇ ಸಂಬಳದ ಲೆಕ್ಕ ಗೊತ್ತಿದ್ದ ಹಳಬರನ್ನು ಕಡಿಮೆ ಮಾಡಿಬಿಟ್ಟಿದ್ದರು. ಕೆಲವರಿಗೆ ಸಂಬಳ ಬರಲಿಲ್ಲ, ಕೆಲವರಿಗೆ ಕಡಿಮೆ, ಕೆಲವರಿಗೆ ಜಾಸ್ತಿ ಬಂತು, ತಪ್ಪು ಎಲ್ಲಿ ಅಂತ ಹೇಳಲು ಸಾಕಷ್ಟು ಜನ ಇರಲಿಲ್ಲ. ಸರಿಮಾಡಲು ವರ್ಷಗಟ್ಟಲೆ ಹಿಡಿಯಿತು.

ನಿಮ್ಮ ಹತ್ತಿರವೂ ಒಂದು ನೋಟ್‌ಬುಕ್ ಇರಬೇಕಲ್ಲ? ಕನ್ಸಲ್ಟೆಂಟ್ ಕೇಳಿದರೆ ಜೆರಾಕ್ಸ್ ಕೊಡಿ. ಒರಿಜಿನಲ್ ನಿಮ್ಮ ಡ್ರಾಯರಿನಲ್ಲೇ ಇರಲಿ.