ಓದುಗರ ಪ್ರಶ್ನೆ: ರೊಟ್ಟಿಚೂರಿನ ದಾರಿಗೊಂದು ಹಾಡು

ಪ್ರಶ್ನೆ: ಕಾಡಿನಲ್ಲಿ ದಾರಿ ತಪ್ಪಿ ಮಾಟಗಾತಿಯ ತಿನಿಸಿನ ಮನೆ ಸೇರುವ ಹ್ಯಾನ್ಸೆಲ್, ಗ್ರೆಟೆಲ್ ಎಂಬ ಅಣ್ಣತಂಗಿಯರ ಕಥೆಯನ್ನು ನಮ್ಮ ಶಾಲೆಯಲ್ಲಿ ಹಾಡಿನ ನಾಟಕವಾಗಿ ಆಡಿಸಬೇಕೆಂದಿದ್ದೇವೆ. ಹೆತ್ತವರೇ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರುವ ಭಾಗವನ್ನು ಚಿಕ್ಕವರಿಗೆ ಹೇಗೆ ತೋರಿಸುವುದು?
– ಶಿಕ್ಷಕಿ, ಗಂಗಾವತಿ

ಉತ್ತರ: ನಿಮ್ಮ ಅಳುಕು ಹಳೆಯದೇ. ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಈ ಕಥೆ, ಜರ್ಮನ್ ಸಂಗೀತಕಾರ ಹಂಪರ್ಡಿಂಕ್ ಅವರ ಸಂಗೀತದೊಡನೆ ಒಪೆರಾ ಆಗಿ (ಹಾಡಿನಲ್ಲೇ ನಡೆಯುವ ನಾಟಕ) 1893ರ ಡಿಸೆಂಬರಿನಲ್ಲಿ ಜರ್ಮನಿಯ ವೈಮಾರ್‌ನಲ್ಲಿ ರಂಗವೇರಿದಾಗ, ತಾಯಿ ಮಕ್ಕಳನ್ನು ತೊರೆಯುವವಳಾಗಿ ಉಳಿಯಲಿಲ್ಲ. ಹಾಲಿನ ಪಾತ್ರೆ ಒಡೆದ ಸಿಟ್ಟಿನಲ್ಲಿ ಕಾಡಿನ ಹಣ್ಣು ಆರಿಸಿ ತರಲು ಅಟ್ಟುವವಳಾದಳು. ಆ ಕೃತಿ ಹುಟ್ಟಿದ್ದು ಕೂಡ ಹಂಪರ್ಡಿಂಕ್ ಅವರ ತಂಗಿ ತನ್ನ ಮಕ್ಕಳ ಆಟಕ್ಕೆಂದು ಬರೆದ ಕೆಲವು ಹಾಡುಗಳಿಂದಲೇ. ನೀವೂ ಹಾಗೆಯೇ ಸಡಿಲಿಸಿಕೊಳ್ಳಬಹುದು. ಆದರೆ ಮಾಟಗಾತಿಯನ್ನು ಮಾತ್ರ ಮೆತ್ತಗಾಗಿಸಬೇಡಿ, ಮಕ್ಕಳು ಕಾಯುವುದೇ ಅವಳಿಗಾಗಿ.

ನಿಮ್ಮ ಸೀಮೆಯ ದೊಡ್ಡಾಟದ ಹಿಮ್ಮೇಳ ಇಲ್ಲಿ ಬಹಳ ಒದಗುತ್ತದೆ. ಹ್ಯಾನ್ಸೆಲ್ ಮರಳುವ ದಾರಿಯ ಗುರುತಿಗೆಂದು ಜೋಳದ ರೊಟ್ಟಿಯ ಚೂರನ್ನು ಬೀಳಿಸುತ್ತ ಒಂದು ಸಾಲು ಹಾಡಿದರೆ, ಪಾತ್ರ ಸಿಗದ ಮಕ್ಕಳೆಲ್ಲ ಪಕ್ಕದಲ್ಲಿ ನಿಂತು ಅದನ್ನೇ ಎತ್ತಿಕೊಳ್ಳಲಿ. ಹಕ್ಕಿಗಳು ಚೂರು ಹೆಕ್ಕಿದಂತೆಲ್ಲ ಸಾಲಿನಿಂದ ಒಂದೊಂದೇ ಪದ ಕಳಚಿ, ಕೊನೆಗೆ ತಾಳವಷ್ಟೇ ಉಳಿಯಲಿ. ತಿನಿಸಿನ ಮನೆಗೆ ಕೇಕು ಬೇಡ, ಶೇಂಗಾ ಉಂಡಿ ಸಾಕು (ತಾಲೀಮಿನಲ್ಲೇ ಅವು ಮಾಯವಾಗದಂತೆ ರಟ್ಟಿನಲ್ಲಿ ಮಾಡಿಸಿ). ಹಾರ್ಮೋನಿಯಂ ನುಡಿಸುವವರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿ ಹಿಡಿದರೆ ಮಕ್ಕಳ ಹಾಡು ಗೊಣಗಾಟವಾಗುತ್ತದೆ. ಗ್ರೆಟೆಲ್ ಆಗುವ ಹುಡುಗಿಯನ್ನು ಮೊದಲು ಹಾಡಿಸಿ, ಅವಳ ದನಿಗೆ ಶ್ರುತಿ ಹೊಂದಿಸಿರಿ.